ಟೇಕಾಫ್ ಓಟದಲ್ಲಿ ಟೈರ್ ಒಡೆದರೆ: ನಿಲ್ಲಿಸುವುದೋ, ಹಾರಿಸುವುದೋ?

ವಿಮಾನ ರನ್‌ವೇ ಮೇಲೆ 130 ನಾಟ್ (ಗಂಟೆಗೆ ಸುಮಾರು 240 ಕಿ.ಮೀ.) ವೇಗದಲ್ಲಿ ಓಡುತ್ತಿದೆ. ಕೆಳಗಿನಿಂದ 'ಢಬ್' ಅಂತ ಒಂದು ಸದ್ದು. ಮರುಕ್ಷಣವೇ ಇಡೀ ಕಾಕ್‌ಪಿಟ್ ಗಡಗಡ ನಡುಗಲು ಶುರು. ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುತ್ತದೆ. ಕಾರು ಓಡಿಸಿ ಬಂದ ರೂಢಿ ಅದು: ಟೈರ್ ಹೋಯಿತಾ, ಗಾಡಿ ನಿಲ್ಲಿಸು.

ವಿಮಾನದಲ್ಲಿ ಈ ರೂಢಿ ಜನರನ್ನು ಕೊಂದಿದೆ. ಕಾರಣ ಸರಳ. ಟೈರ್ ಒಡೆದಾಗ, ನಿಲ್ಲಲು ಬೇಕಾದ ಸಾಮಾನೇ ಒಡೆದಿರುತ್ತದೆ. ಹಾರಲು ಬೇಕಾದ ಸಾಮಾನು ಬಹುಮಟ್ಟಿಗೆ ನೆಟ್ಟಗಿರುತ್ತದೆ. ರೆಕ್ಕೆಗೆ ಟೈರ್ ಬೇಕಾಗಿಲ್ಲ, ಬ್ರೇಕಿಗೆ ಬೇಕು.

1990ರ ದಶಕದ ಆರಂಭದಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಮತ್ತು ವಿಮಾನ ತಯಾರಕರು ಸೇರಿ ಹಳೆಯ ದಾಖಲೆಗಳನ್ನು ಜಾಲಾಡಿದರು. ಟೇಕಾಫ್ ಕೈಬಿಟ್ಟು ರನ್‌ವೇ ತುದಿ ದಾಟಿಹೋದ 74 ಪ್ರಕರಣಗಳು ಸಿಕ್ಕವು. ಅವುಗಳಲ್ಲಿ ಹೆಚ್ಚುಕಮ್ಮಿ ನಾಲ್ಕನೇ ಒಂದು ಭಾಗ ಚಕ್ರ ಅಥವಾ ಟೈರಿನ ತೊಂದರೆಯಿಂದ ಆದವು. ಅರ್ಧಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಪೈಲಟ್ ನಿಲ್ಲಿಸಲು ಹೊರಟಿದ್ದು ವಿ-ಒನ್ ವೇಗ (ನಿಲ್ಲಿಸುವುದಕ್ಕೆ ಕೊನೆಯ ಗಡಿ) ದಾಟಿದ ಮೇಲೆ.

ತರಬೇತಿಯಲ್ಲಿರುವ ಪೈಲಟ್‌ಗಳು, ಸಿಮ್ಯುಲೇಟರ್ ಹುಚ್ಚಿನವರು, ವಿಮಾನದ ಒಳಗುಟ್ಟು ತಿಳಿಯಬೇಕು ಅನ್ನುವವರು, ಎಲ್ಲರಿಗೂ ಆಗುವ ಹಾಗೆ ಒಂದೊಂದೇ ಹಂತವಾಗಿ ಬರೆದಿದ್ದೇನೆ. ಅಂಕಿಗಳು ದೊಡ್ಡ ಪ್ರಯಾಣಿಕ ಜೆಟ್‌ಗಳವು. ನಿಮ್ಮ ವಿಮಾನದ ಕೈಪಿಡಿ ಬೇರೆ ಏನಾದರೂ ಹೇಳಿದರೆ ಕೈಪಿಡಿಯ ಮಾತೇ ಕೊನೆ.

ಹಂತ 1: ಮೊದಲು ಗೇಜ್ ಹಿಡಿಯಿರಿ

ಟೈರ್ ಒಡೆಯುವುದು ರನ್‌ವೇ ಮೇಲೆ. ಆದರೆ ಅದಕ್ಕೆ ಬೀಜ ಬಿದ್ದಿರುವುದು ಎಷ್ಟೋ ಸಲ ಹಲವು ದಿನ ಮೊದಲು, ಯಾರೋ ಟೈರಿನ ಒತ್ತಡ ಅಳೆಯುವ ಗೇಜ್ ಹಾಕದೆ ಹೋದಾಗ.

ದೊಡ್ಡ ಜೆಟ್‌ನ ಟೈರಿನಲ್ಲಿ ಸುಮಾರು 200 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಇರುತ್ತದೆ. ಕಾರಿನ ಆರು ಪಟ್ಟು. ಒತ್ತಡ ಕಡಿಮೆಯಾದರೆ ಚಕ್ರದ ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಜಾಸ್ತಿ ಬಾಗುತ್ತದೆ. ಬಾಗಿದಷ್ಟೂ ಬಿಸಿ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಕೈ ಸುಡುವಷ್ಟಾಗಿ ಕೊನೆಗೆ ಮುರಿಯುತ್ತದಲ್ಲ, ಹಾಗೆಯೇ. ಒಳಗಿನ ನೈಲಾನ್ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ಹೊರಗೆ ಟೈರ್ ಲಕ್ಷಣವಾಗಿಯೇ ಕಾಣುತ್ತದೆ.

ಜೋಡಿ ಚಕ್ರಗಳಲ್ಲಿ ಇನ್ನೂ ಒಂದು ಮೋಸ ಇದೆ. ಒಂದರಲ್ಲಿ ಒತ್ತಡ ಕಡಿಮೆಯಾದರೆ ಪಕ್ಕದ್ದು ಅದರ ಪಾಲಿನ ಭಾರವನ್ನೂ ಹೊರುತ್ತದೆ. ಹಾಗಾಗಿ ಮೆತ್ತಗಾದ ಟೈರ್ ಚಪ್ಪಟೆಯಾಗುವುದಿಲ್ಲ, ಎರಡೂ ಒಂದೇ ಥರ ನಿಂತಿರುತ್ತವೆ. ಸುತ್ತು ಹಾಕುವಾಗ ಬೂಟಿನಲ್ಲಿ ಒದ್ದು ನೋಡುವವರನ್ನು ಕಂಡಿರಬಹುದು. ಅದರಿಂದ ಬೂಟಿನ ಗಟ್ಟಿತನ ಗೊತ್ತಾಗುತ್ತದೆ ಅಷ್ಟೇ.

ಅಳೆಯುವ ಕ್ರಮ ಹೀಗೆ. ಇಳಿದು ಕನಿಷ್ಠ ಎರಡು ಮೂರು ಗಂಟೆ ಕಳೆದು ಟೈರ್ ತಣ್ಣಗಾಗಿರಬೇಕು. ಬಿಸಿ ಟೈರಿನ ಅಂಕಿ ನಂಬಬೇಡಿ. ಬಿಸಿ ಇದ್ದಾಗ ಒತ್ತಡ ಜಾಸ್ತಿ ತೋರಿಸಿತು ಅಂತ ಒಳಗಿನ ಅನಿಲ ಹೊರಗೆ ಬಿಡಲೂ ಬೇಡಿ. ತಾಪಮಾನ 3 ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡ ಹತ್ತಿರ ಹತ್ತಿರ ಶೇ. 1ರಷ್ಟು ಬದಲಾಗುತ್ತದೆ. ಸೆಕೆಯ ಊರಿನಿಂದ ಹಿಮ ಬೀಳುವ ಊರಿಗೆ ಹೋಗುವ ವಿಮಾನಕ್ಕೆ ಇದು ಸಣ್ಣ ಲೆಕ್ಕವಲ್ಲ. ವಿಮಾನದ ಭಾರ ಚಕ್ರದ ಮೇಲಿದ್ದಾಗ ಒತ್ತಡ ಶೇ. 4ರಷ್ಟು ಜಾಸ್ತಿ ಇರುತ್ತದೆ. ಕೈಪಿಡಿಯ ಅಂಕಿ ಭಾರ ಇರುವಾಗಿನದೋ ಇಲ್ಲದಾಗಿನದೋ ನೋಡಿಕೊಳ್ಳಿ.

ಟೈರ್ ತಯಾರಕರು ಸಾಮಾನ್ಯವಾಗಿ ಹೇಳುವ ಗೆರೆಗಳು ಇವು. ಇರಬೇಕಾದ ಒತ್ತಡದ ಶೇ. 95ರಿಂದ 100 ಇದ್ದರೆ ತುಂಬಿಸಿ. ಶೇ. 90ರಿಂದ 95ಕ್ಕೆ ಇಳಿದಿದ್ದರೆ ತುಂಬಿಸಿ, ದಾಖಲಿಸಿ. ಮರುದಿನ ಮತ್ತೆ ಇಳಿದಿದ್ದರೆ ಚಕ್ರ ಬಿಚ್ಚಿ. ಶೇ. 90ಕ್ಕಿಂತ ಕೆಳಗಿದ್ದರೆ ಆ ಟೈರ್ ಬೇಡ. ಶೇ. 80ಕ್ಕಿಂತ ಕೆಳಗಿದ್ದರೆ ಅದೂ ಬೇಡ, ಅದೇ ಅಚ್ಚಿನ (ಆಕ್ಸಲ್‌ನ) ಜೋಡಿ ಟೈರೂ ಬೇಡ. ಜೋಡಿ ಟೈರ್ ಯಾಕೆ ಅಂದರೆ, ಇಷ್ಟು ದಿನ ಎರಡು ಪಾಲು ಭಾರ ಹೊತ್ತು ನವೆದಿರುವುದು ಅದೇ.

2008ರ ಸೆಪ್ಟೆಂಬರ್ 19ರಂದು ಅಮೆರಿಕದ ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಲಿಯರ್‌ಜೆಟ್ 60 ಅನ್ನುವ ಒಂದು ಸಣ್ಣ ಖಾಸಗಿ ಜೆಟ್ ಹೊರಟಿತು. ಅದರ ಟೈರ್ ಒತ್ತಡ ನೋಡಿ ಸುಮಾರು ಮೂರು ವಾರ ಆಗಿತ್ತು. ಆ ಟೈರ್‌ಗಳು ದಿನಕ್ಕೆ ಶೇ. 2ರಷ್ಟು ಒತ್ತಡ ಕಳೆದುಕೊಳ್ಳುವಂಥವು. ಲೆಕ್ಕ ನೀವೇ ಹಾಕಿ. ಟೇಕಾಫ್ ಓಟದಲ್ಲಿ ಮುಖ್ಯ ಚಕ್ರಗಳ ನಾಲ್ಕೂ ಟೈರ್ ಹೋದವು. ಮುಂದೆ ಏನಾಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಟೈರ್ ನೋಡುವಾಗಲೇ ಬ್ರೇಕಿನ ಸವೆತದ ಪಿನ್ನನ್ನೂ ನೋಡಿಬಿಡಿ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಬ್ರೇಕಿನ ಪಕ್ಕ ಒಂದು ಸಣ್ಣ ಕಡ್ಡಿ ಹೊರಗೆ ಚಾಚಿರುತ್ತದೆ. ಡಿಸ್ಕ್ ಸವೆದ ಹಾಗೆ ಕಡ್ಡಿ ಒಳಗೆ ಸರಿಯುತ್ತದೆ. ಮಟ್ಟಸವಾಯಿತು ಅಂದರೆ ಬ್ರೇಕಿನ ಆಯಸ್ಸು ಮುಗಿಯಿತು. 1988ರ ಮೇ 21ರಂದು ಅಮೆರಿಕದ ಡಲ್ಲಾಸ್-ಫೋರ್ಟ್ ವರ್ತ್‌ನಲ್ಲಿ ಡಿಸಿ-10 (ಮೂರು ಎಂಜಿನ್‌ನ ದೊಡ್ಡ ಜೆಟ್) ಒಂದು ಟೇಕಾಫ್ ಕೈಬಿಟ್ಟಾಗ ಅದರ ಹತ್ತು ಬ್ರೇಕ್‌ಗಳಲ್ಲಿ ಎಂಟು ಕೈಕೊಟ್ಟವು. ಅವು ನಿಯಮದ ಪ್ರಕಾರ ಇನ್ನೂ ಬಳಸಬಹುದಾದಷ್ಟೇ ಸವೆದಿದ್ದವು. ಪರೀಕ್ಷೆ ಮಾಡಿದ್ದು ಹೊಸ ಬ್ರೇಕ್‌ನಲ್ಲಿ, ಓಡಿಸುತ್ತಿದ್ದದ್ದು ಹಳೆಯದರಲ್ಲಿ. 1998ರಲ್ಲಿ ಅಮೆರಿಕದ ನಿಯಮ ಬದಲಾಯಿತು. ಈಗ ಸವೆತದ ಮಿತಿಯಲ್ಲಿ ಶೇ. 10ಕ್ಕಿಂತ ಜಾಸ್ತಿ ಉಳಿದಿರದ ಬ್ರೇಕ್‌ಗಳಿಂದಲೇ ವಿಮಾನ ನಿಲ್ಲಿಸಿ ತೋರಿಸಬೇಕು.

ಹಂತ 2: ಸಾದಾ ಗಾಳಿ ಬೇಡ, ನೈಟ್ರೋಜನ್ ತುಂಬಿಸಿ

1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಬೋಯಿಂಗ್ 727 ಒಂದು ಬಿದ್ದು 167 ಜನ ಸತ್ತರು. ಬ್ರೇಕ್ ಕಚ್ಚಿಕೊಂಡು ಬಿಸಿಯಾಗಿತ್ತು. ಸಾದಾ ಗಾಳಿ ತುಂಬಿದ್ದ ಟೈರ್, ಚಕ್ರ ಮಡಚಿ ಒಳಗೆ ಹೋದ ಮೇಲೆ ಸಿಡಿಯಿತು. ಬಿಸಿ ರಬ್ಬರಿನಿಂದ ಹೊರಡುವ ಅನಿಲಕ್ಕೆ ಗಾಳಿಯ ಆಮ್ಲಜನಕ ಸಿಕ್ಕರೆ ಹಾಗಾಗುತ್ತದೆ. ದೊಡ್ಡ ವಿಮಾನದ ಟೈರಿನೊಳಗೆ ಆಮ್ಲಜನಕ ಶೇ. 5 ಮೀರಬಾರದು ಅನ್ನುವ ನಿಯಮ ಇರುವುದು ಅದಕ್ಕೇ.

ಹಂತ 3: ಹೊರಡುವ ಮುನ್ನ ಬ್ರೇಕ್ ಎಷ್ಟು ಬಿಸಿ?

ಬ್ರೇಕ್ ಅನ್ನುವುದು ಬಿಸಿ ತುಂಬುವ ಪಾತ್ರೆ. ಹಿಂದಿನ ಲ್ಯಾಂಡಿಂಗ್‌ನ ಬಿಸಿ ಅರ್ಧ ತುಂಬಿದ್ದರೆ ಈಗಿನ ತುರ್ತಿಗೆ ಉಳಿಯುವುದು ಅರ್ಧವೇ.

ಒಂದು ಲೆಕ್ಕ ನೋಡಿ. 75 ಟನ್ ತೂಕದ ಜೆಟ್ 140 ನಾಟ್‌ನಲ್ಲಿ, ಅಂದರೆ ಸೆಕೆಂಡಿಗೆ 72 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರ ಚಲನ ಶಕ್ತಿ ಸುಮಾರು 194 ಮೆಗಾಜೂಲ್. ನಾಲ್ಕು ಬ್ರೇಕ್‌ಗಳಿಗೆ ಹಂಚಿದರೆ ಒಂದೊಂದಕ್ಕೆ 48. ಅಷ್ಟು ಬಿಸಿಯಲ್ಲಿ 140 ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಅದನ್ನೆಲ್ಲ ಅರ್ಧ ನಿಮಿಷದೊಳಗೆ ಒಂದು ಚಕ್ರದೊಳಗಿನ ಡಿಸ್ಕ್‌ಗಳು ನುಂಗಬೇಕು. ಗಾಳಿಯ ತಡೆ, ರಿವರ್ಸ್ (ಎಂಜಿನ್ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವುದು) ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ ನಿಜ, ಆದರೂ ಸಿಂಹಪಾಲು ಬ್ರೇಕಿನದೇ. ಅದೇ ವಿಮಾನ 100 ನಾಟ್‌ನಲ್ಲಿದ್ದರೆ ಶಕ್ತಿ 99 ಮೆಗಾಜೂಲ್. ವೇಗ ಒಂದೂವರೆ ಪಟ್ಟೂ ಆಗಿಲ್ಲ, ಬಿಸಿ ಹೆಚ್ಚುಕಮ್ಮಿ ಎರಡು ಪಟ್ಟು.

ಹಾಗಾಗಿ ಟ್ಯಾಕ್ಸಿ ಮಾಡುವಾಗ, ಅಂದರೆ ರನ್‌ವೇವರೆಗೆ ನೆಲದ ಮೇಲೆ ಓಡಿಸುವಾಗ, ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟುಕೊಂಡು ಹೋಗಬೇಡಿ. ವೇಗ ಏರಲು ಬಿಟ್ಟು, ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ಕಾರ್ಬನ್ ಬ್ರೇಕ್ ಆದರೆ ಇದು ಇನ್ನೂ ಒಳ್ಳೆಯದು, ಅದು ಸವೆಯುವುದು ಎಷ್ಟು ಸಲ ಒತ್ತಿದಿರಿ ಅನ್ನುವುದರ ಮೇಲೆ. ಏರ್‌ಬಸ್ ಎ320ರಲ್ಲಿ ಬ್ರೇಕ್ ಫ್ಯಾನ್ ಆಫ್ ಇದ್ದು ತಾಪಮಾನ 300 ಡಿಗ್ರಿ ಮೀರಿದ್ದರೆ ಟೇಕಾಫ್ ಮಾಡುವಂತಿಲ್ಲ. ಬೇರೆ ವಿಮಾನಗಳಿಗೆ ಬ್ರೇಕ್ ತಣಿಸುವ ಕೋಷ್ಟಕ ಇರುತ್ತದೆ. ತಡವಾಗಿದೆ ಅಂತ ಅವಸರದಲ್ಲಿ ತಿರುಗಿ ಹೊರಡುವ ದಿನವೇ ಆ ಕೋಷ್ಟಕ ಜಾಸ್ತಿ ಬೇಕಾಗುವುದು.

ಹಂತ 4: ವಿ-ಒನ್ ಅಂದರೆ ಏನು, ಏನಲ್ಲ

ವಿ-ಒನ್ ಅಂದರೆ 'ಯೋಚನೆ ಶುರು ಮಾಡುವ ವೇಗ' ಅಂದುಕೊಂಡವರು ತುಂಬಾ ಜನ. ಅಲ್ಲ. ಆ ವೇಗ ಬರುವ ಹೊತ್ತಿಗೆ ಯೋಚನೆ ಮುಗಿದು ಕೈಕಾಲು ಕೆಲಸ ಶುರು ಮಾಡಿರಬೇಕು. ವಿ-ಒನ್‌ನಲ್ಲಿ ನಿಲ್ಲಿಸುವ ಮೊದಲ ಕ್ರಿಯೆ ಆಗಿದ್ದರೆ ಮಾತ್ರ ರನ್‌ವೇಯೊಳಗೆ ನಿಲ್ಲಬಹುದು ಅನ್ನುವುದು ಲೆಕ್ಕ.

ಆ ಲೆಕ್ಕದಲ್ಲಿ ವಿ-ಒನ್ ವೇಗದಲ್ಲೇ ಎರಡು ಸೆಕೆಂಡ್ ಓಡಿದಷ್ಟು ದೂರವನ್ನು ಹೆಚ್ಚಿಗೆ ಸೇರಿಸಿರುತ್ತಾರೆ. ನಮ್ಮ ಉದಾಹರಣೆಯಲ್ಲಿ 144 ಮೀಟರ್. ಅದು ನಿಮಗೆ ಯೋಚಿಸಲು ಕೊಟ್ಟ ಸಮಯ ಅಲ್ಲ, ಎಡವಟ್ಟಿಗೆ ಇಟ್ಟ ಅಂಚು.

ಈಗ ಮುಖ್ಯ ವಿಷಯ. ಆ ನಿಲ್ಲುವ ದೂರ ಲೆಕ್ಕ ಹಾಕಿದ್ದು ಎಲ್ಲ ಟೈರ್‌ಗಳೂ ಚೆನ್ನಾಗಿರುವ ವಿಮಾನಕ್ಕೆ. ಎಂಜಿನ್ ಹೋದರೆ ಆ ದೂರದಲ್ಲಿ ನಿಲ್ಲುತ್ತೀರಿ. ಟೈರ್ ಹೋದರೆ ಆ ಮಾತು ಯಾರೂ ಕೊಟ್ಟಿಲ್ಲ. ನಾಲ್ಕು ಬ್ರೇಕ್ ಚಕ್ರಗಳಲ್ಲಿ ಒಂದರ ಟೈರ್ ಹೋದರೆ ಆ ಬ್ರೇಕ್ ಹೆಚ್ಚುಕಮ್ಮಿ ದಂಡ. ಪಕ್ಕದ ಟೈರ್ ಎರಡರ ಭಾರ ಹೊರುತ್ತಾ ಒಡೆಯುವ ಹಂತದಲ್ಲಿರುತ್ತದೆ. ಹಾರಿಹೋದ ಚೂರು ಬ್ರೇಕಿನ ಕೊಳವೆಯನ್ನೇ ಹರಿದಿರಬಹುದು. ಅಂದರೆ ಟೈರ್ ಮಟ್ಟಿಗೆ ನಿಜವಾದ ವಿ-ಒನ್, ಪರದೆಯ ಮೇಲಿರುವುದಕ್ಕಿಂತ ಎಷ್ಟೋ ಕೆಳಗೆ ಇದೆ. ಎಷ್ಟು ಕೆಳಗೆ ಅಂತ ಯಾವ ಕೋಷ್ಟಕವೂ ಹೇಳುವುದಿಲ್ಲ.

ಒದ್ದೆ ರನ್‌ವೇ ಆದರೆ ಇನ್ನೊಂದು ತೊಡಕು. ನೀರಿನ ಮೇಲೆ ಟೈರ್ ತೇಲಿ ಜಾರಲು ಶುರುವಾಗುವ ವೇಗ ಸುಮಾರಾಗಿ ಒತ್ತಡದ ವರ್ಗಮೂಲದ 9 ಪಟ್ಟು. 200 ಪಿಎಸ್‌ಐಗೆ 127 ನಾಟ್. ಅದೇ ಟೈರಿನಲ್ಲಿ 140 ಪಿಎಸ್‌ಐ ಮಾತ್ರ ಇದ್ದರೆ 106 ನಾಟ್. ಮೆತ್ತಗಿನ ಟೈರ್ ಬೇಗ ಒಡೆಯುತ್ತದೆ, ಒಡೆಯದಿದ್ದರೂ ಬೇಗ ಜಾರುತ್ತದೆ.

ಹಂತ 5: ಓಟಕ್ಕೆ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಿ

ಸೀಟನ್ನು ಸರಿಯಾಗಿ ಹೊಂದಿಸಿ. ಒಂದು ಕಡೆಯ ರಡ್ಡರ್ ಪೆಡಲ್ (ಮೂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು) ಪೂರ್ತಿ ಒತ್ತಿ, ಅದೇ ಸ್ಥಿತಿಯಲ್ಲಿ ಬ್ರೇಕ್ ಕೊನೆಯವರೆಗೂ ಹೋಗುತ್ತದಾ ನೋಡಿ. ಹೋಗದಿದ್ದರೆ ಸೀಟು ಮುಂದಕ್ಕೆ ಬರಬೇಕು. ಟೈರ್ ಹೋದ ಕಡೆಗೆ ವಿಮಾನ ಎಳೆಯುವಾಗ ಬೇಕಾಗುವುದು ಇದೇ ಭಂಗಿ.

ಆಮೇಲೆ ಜೊತೆಯವರಿಗೆ ಹೇಳಿ: "80 ನಾಟ್ ಒಳಗೆ ಏನೇ ಆದರೂ ನಿಲ್ಲಿಸುತ್ತೇನೆ. ಆಮೇಲೆ ಬೆಂಕಿ, ಎಂಜಿನ್ ಹೋಗುವುದು, ಹಾರಲಾರದ ಸ್ಥಿತಿ, ಇಷ್ಟಕ್ಕೆ ಮಾತ್ರ. ಬರೀ ಟೈರ್ ಆದರೆ ಹಾರುತ್ತೇವೆ." ಕೊನೆಯ ವಾಕ್ಯ ಬಹಳಷ್ಟು ಬ್ರೀಫಿಂಗ್‌ಗಳಲ್ಲಿ ಇರುವುದೇ ಇಲ್ಲ. ದಯವಿಟ್ಟು ಸೇರಿಸಿಕೊಳ್ಳಿ.

ಹಂತ 6: ಸದ್ದು ಕೇಳಿದಾಗ ವೇಗ ನೋಡಿ

ಟೈರ್ ಹೋಗುವುದು ಎಲ್ಲ ಸಲವೂ ಒಂದೇ ಥರ ಅಲ್ಲ. ಒಮ್ಮೆ ಗುಂಡು ಹಾರಿದ ಸದ್ದು. ಒಮ್ಮೆ ಸದ್ದೇ ಇಲ್ಲದೆ ಬರೀ ನಡುಕ. ಟ್ರೆಡ್ ಪಟ್ಟಿ (ಟೈರಿನ ಹೊರಮೈ ರಬ್ಬರ್) ಕಿತ್ತುಕೊಂಡು ವಿಮಾನದ ಹೊಟ್ಟೆಗೆ ಬಡಿಯುತ್ತಿದ್ದರೆ ದಬದಬ ಸದ್ದು, ಚಕ್ರ ತಿರುಗಿದ ಹಾಗೆ ತಾಳ ಹಾಕಿದಂತೆ. ಸ್ವಲ್ಪ ಪಕ್ಕಕ್ಕೆ ಎಳೆಯಬಹುದು.

ಎಂಜಿನ್ ಸಿಡಿದಾಗಲೂ ಕಾಕ್‌ಪಿಟ್‌ನಲ್ಲಿ ಕೇಳುವುದು ಇಂಥದ್ದೇ ಸದ್ದು. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಬೋಯಿಂಗ್ 737ರ ಕ್ಯಾಪ್ಟನ್ ಆ ಸದ್ದು ಕೇಳಿ ಟೈರ್ ಹೋಯಿತು ಅಂದುಕೊಂಡರು. ವಿ-ಒನ್‌ಗೆ ಮೊದಲೇ ನಿಲ್ಲಿಸಿದರು. ಟೈರಿಗೆ ಏಟಾಗದಿರಲಿ ಅಂತ ಬ್ರೇಕ್ ಜೋರಾಗಿ ಒತ್ತಬೇಡ ಅಂತ ಜೊತೆಯ ಪೈಲಟ್‌ಗೆ ಹೇಳಿದರು. ನಿಜವಾಗಿ ಒಡೆದಿದ್ದು ಎಡ ಎಂಜಿನ್. ಅದರ ಚೂರು ರೆಕ್ಕೆಯ ಇಂಧನ ಟ್ಯಾಂಕಿಗೆ ಹೊಡೆದಿತ್ತು. ವಿಮಾನ ರನ್‌ವೇಯಿಂದ ಪಕ್ಕಕ್ಕೆ ತಿರುಗಿ ನಿಂತಾಗ ಗಾಳಿ ಬೆಂಕಿಯನ್ನು ನೇರ ಒಡಲಿನ ಮೇಲೆ ತಳ್ಳಿತು. 55 ಜನ ಸತ್ತರು.

ಸದ್ದಿನಿಂದ ಕಾರಣ ಹುಡುಕಲು ಹೋಗಬೇಡಿ ಅನ್ನುವುದು ಇದಕ್ಕೇ. ವೇಗ ಎಷ್ಟು? ಎಂಜಿನ್ ಮಾಪಕಗಳ ಮುಳ್ಳುಗಳು ನೆಟ್ಟಗಿವೆಯಾ? ಬೆಂಕಿಯ ಎಚ್ಚರಿಕೆ ಇದೆಯಾ? ನೋಡಬೇಕಾದ್ದು ಇಷ್ಟೇ.

ಹಂತ 7: ತೀರ್ಮಾನ

ಬೋಯಿಂಗ್‌ನಲ್ಲಿ 80 ನಾಟ್, ಏರ್‌ಬಸ್‌ನಲ್ಲಿ 100 ನಾಟ್, ಇದು ಮೊದಲ ಗೆರೆ. ಅದಕ್ಕಿಂತ ಕೆಳಗೆ ಟೈರ್ ಹೋದರೆ ನಿಲ್ಲಿಸಿ. ಯೋಚನೆಯೇ ಬೇಡ.

ಗೆರೆ ದಾಟಿದ ಮೇಲೆ ಬೋಯಿಂಗ್‌ನ ಪಟ್ಟಿಯಿಂದ ಟೈರ್ ಹೊರಗೆ ಹೋಗುತ್ತದೆ. ಏರ್‌ಬಸ್ ಇನ್ನೂ ಬಿಡಿಸಿ ಹೇಳುತ್ತದೆ: ವಿ-ಒನ್‌ಗೆ 20 ನಾಟ್ ಬಾಕಿ ಇರುವಾಗಿನಿಂದ ವಿ-ಒನ್‌ವರೆಗೆ ಟೈರ್ ಹೋದರೆ, ಚೂರುಗಳು ಎಂಜಿನ್‌ಗೆ ಹೋಗಿ ಮುಳ್ಳುಗಳು ಕುಣಿಯದಿದ್ದರೆ, ಹಾರುವುದೇ ಮೇಲು. ಇಂಧನ ಕಡಿಮೆ ಮಾಡಿಕೊಂಡು ಪೂರ್ತಿ ರನ್‌ವೇ ಬಳಸಿ ಇಳಿಯಿರಿ.

ವಿ-ಒನ್‌ಗೆ ಮೊದಲೇ ನಿಲ್ಲಿಸಿದರೂ ಸಾಲದೇ ಹೋದದ್ದಿದೆ. 1978ರ ಮಾರ್ಚ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಡಿಸಿ-10 ಒಂದರ ಎಡಗಡೆಯ ಟೈರ್‌ಗಳು ಒಂದರ ಹಿಂದೆ ಒಂದು ಹೋದವು. ಒದ್ದೆ ರನ್‌ವೇ. ಕ್ಯಾಪ್ಟನ್ ವಿ-ಒನ್‌ಗಿಂತ ಸ್ವಲ್ಪ ಮೊದಲೇ ಕೈಬಿಟ್ಟರು. ಆದರೂ ವಿಮಾನ ರನ್‌ವೇಯಲ್ಲಿ ನಿಲ್ಲಲಿಲ್ಲ.

ವಿ-ಒನ್ ದಾಟಿದ ಮೇಲೆ ನಿಲ್ಲಿಸಲು ಹೋದದ್ದಕ್ಕೆ 1982ರ ಸೆಪ್ಟೆಂಬರ್ 13ರ ಸ್ಪೇನಿನ ಮಲಗಾ ಅಪಘಾತ ಇದೆ. ಡಿಸಿ-10, ಒಳಗೆ 394 ಜನ. ಮೂಗಿನ ಚಕ್ರದ ರೀಟ್ರೆಡ್ ಪಟ್ಟಿ (ಹಳೆಯ ಟೈರಿಗೆ ಹೊಸದಾಗಿ ಹಾಕಿದ ಹೊರಮೈ) ಕಿತ್ತುಬಂದು ನಡುಕ ಶುರುವಾಯಿತು. ಮೂಗು ಎತ್ತಿದಾಗ ಅದು ಇನ್ನೂ ಜಾಸ್ತಿಯಾಯಿತು. ವಿಮಾನ ಹಾರಲಾರದು ಅನ್ನಿಸಿ ಕ್ಯಾಪ್ಟನ್ ಎಂಜಿನ್ ಬಲದ ಲಿವರ್‌ಗಳನ್ನು ಹಿಂದಕ್ಕೆ ಎಳೆದರು. 50 ಜನ ಸತ್ತರು. ಅವರನ್ನು ದೂರುವುದು ಸುಲಭ. ಆದರೆ ಆ ಕಾಲದ ತರಬೇತಿಯೆಲ್ಲ ಎಂಜಿನ್ ಹೋಗುವುದರ ಬಗ್ಗೆಯೇ ಇತ್ತು. ಇಂಥ ನಡುಕವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಇನ್ನು ಲಿಯರ್‌ಜೆಟ್. ಅದರ ವಿ-ಒನ್ 136 ನಾಟ್. ಆ ಕರೆ ಆಗಿ ಒಂದೂವರೆ ಸೆಕೆಂಡಿಗೆ ಮೊದಲ ಸದ್ದು. ಕ್ಯಾಪ್ಟನ್ ನಿಲ್ಲಿಸಲು ಹೋದರು. ಟೈರ್ ಚೂರುಗಳು ಚಕ್ರದ ಬಳಿಯ ಸೆನ್ಸರ್‌ಗಳಿಗೆ ಹೊಡೆದಿದ್ದವು. ವಿಮಾನ ತಾನು ಗಾಳಿಯಲ್ಲಿದ್ದೇನೆ ಅಂದುಕೊಂಡು ರಿವರ್ಸರ್‌ಗಳನ್ನು ಮುಚ್ಚಿ ಎಂಜಿನ್‌ಗಳನ್ನು ಮುಂದಕ್ಕೆ ತಳ್ಳಲು ಬಿಟ್ಟಿತು. ನಾಲ್ವರು ಸತ್ತರು, ಇಬ್ಬರು ಬದುಕಿದರು.

ಹಾಗಾದರೆ 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಬಿದ್ದ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ಜೆಟ್ ಕಾಂಕಾರ್ಡ್? ಅದು ಹಾರಿಯೂ ಬಿತ್ತಲ್ಲ ಅನ್ನಬಹುದು. ರನ್‌ವೇಯಲ್ಲಿ ಬಿದ್ದಿದ್ದ ಲೋಹದ ಪಟ್ಟಿ ಟೈರ್ ಸೀಳಿತು, ಚೂರು ಬಡಿದು ಇಂಧನ ಟ್ಯಾಂಕ್ ಒಡೆಯಿತು, 113 ಜನ ಸತ್ತರು. ನಿಜ. ಆದರೆ ವಿ-ಒನ್ ಆಗಲೇ ದಾಟಿತ್ತು. ನಿಲ್ಲಿಸಲು ಹೋಗಿದ್ದರೂ ಉರಿಯುತ್ತಲೇ ಭಾರೀ ವೇಗದಲ್ಲಿ ರನ್‌ವೇ ದಾಟುತ್ತಿತ್ತು. ಹಾರುವುದು ಯಾವಾಗಲೂ ಉಳಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ವೇಗದಲ್ಲಿ ನಿಲ್ಲಿಸುವುದು ಉಳಿಸುವ ಸಾಧ್ಯತೆ ಅದಕ್ಕಿಂತ ಕಡಿಮೆ.

ಹಂತ 8: ನಿಲ್ಲಿಸುವುದಾದರೆ ಅರೆಮನಸ್ಸು ಬೇಡ

"ಸ್ಟಾಪ್" ಅನ್ನಿ. ಥ್ರಸ್ಟ್ ಲಿವರ್ (ಎಂಜಿನ್ ಬಲದ ಹಿಡಿಕೆ) ಪೂರ್ತಿ ಹಿಂದಕ್ಕೆ. ಬೋಯಿಂಗ್‌ನಲ್ಲಿ ಆಟೋಥ್ರಾಟಲ್ (ಲಿವರನ್ನು ತಾನೇ ನಡೆಸುವ ವ್ಯವಸ್ಥೆ) ಬಿಡಿಸಿ, ಇಲ್ಲದಿದ್ದರೆ ಕೈ ಬಿಟ್ಟ ಕೂಡಲೇ ಲಿವರ್ ಮತ್ತೆ ಮುಂದೆ ಓಡಬಹುದು. ಅದೇ ಹೊತ್ತಿಗೆ ಹಿಮ್ಮಡಿ ನೆಲದಿಂದ ಎತ್ತಿ, ಪಾದ ಪೆಡಲಿನ ಮೇಲ್ಭಾಗಕ್ಕೆ ತಂದು, ಕೊನೆಯವರೆಗೆ ಒತ್ತಿ ಹಿಡಿಯಿರಿ. ರೆಕ್ಕೆಯ ಮೇಲಿನ ಹಲಗೆಗಳು, ಅಂದರೆ ಸ್ಪಾಯ್ಲರ್, ಎದ್ದಿವೆಯಾ ನೋಡಿ. ಅವು ಎದ್ದರೆ ರೆಕ್ಕೆಯ ಎತ್ತುವ ಬಲ ಬಿದ್ದು ಭಾರ ಚಕ್ರದ ಮೇಲೆ ಕೂರುತ್ತದೆ. ಭಾರ ಕೂರದಿದ್ದರೆ ಬ್ರೇಕ್ ಒತ್ತಿಯೂ ವ್ಯರ್ಥ. ಆಮೇಲೆ ರಿವರ್ಸ್.

ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಆ ಕೆಲಸವನ್ನು ಆಂಟಿ-ಸ್ಕಿಡ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ನಿಮಗಿಂತ ಚೆನ್ನಾಗಿ, ಚಕ್ರಕ್ಕೆ ಚಕ್ರ ಬೇರೆಯಾಗಿ ಮಾಡುತ್ತದೆ. ಬೋಯಿಂಗ್ 737ರಲ್ಲಿ ಆರ್‌ಟಿಒ (ಟೇಕಾಫ್ ಕೈಬಿಡುವಾಗಿನ) ಆಟೋಬ್ರೇಕ್ 90 ನಾಟ್ ಮೇಲೆ ತಾನೇ ಹಿಡಿಯುತ್ತದೆ. ಆದರೆ ಕಾಲಿನಿಂದ ಅರೆಬರೆ ಒತ್ತಿದರೆ ಅದು ಬಿಟ್ಟುಕೊಡುತ್ತದೆ, ಉಳಿಯುವುದು ನಿಮ್ಮ ಅರೆಬರೆ ಬ್ರೇಕ್ ಮಾತ್ರ. ಒಂದೋ ಮುಟ್ಟಬೇಡಿ, ಇಲ್ಲವೇ ಪೂರ್ತಿ ಒತ್ತಿ.

ಪೂರ್ತಿ ಬ್ರೇಕ್ ಹೇಗಿರುತ್ತದೆ ಅಂತ ಬಹಳ ಪೈಲಟ್‌ಗಳಿಗೆ ಗೊತ್ತಿರುವುದಿಲ್ಲ, ದಿನನಿತ್ಯದ ಲ್ಯಾಂಡಿಂಗ್‌ನಲ್ಲಿ ಅದು ಬೇಕಾಗುವುದೇ ಇಲ್ಲ. ಅರ್ಧ ದಾರಿಯಲ್ಲಿ ನಿಲ್ಲುತ್ತದೆ ಅನ್ನಿಸಿ ಕಾಲು ಸಡಿಲಿಸುವುದು ಸಹಜ. ಸಡಿಲಿಸಬೇಡಿ. ರನ್‌ವೇಯೊಳಗೆ ನಿಂತೇ ನಿಲ್ಲುತ್ತದೆ ಅನ್ನುವುದು ಖಚಿತವಾಗುವವರೆಗೂ ಒತ್ತಿಯೇ ಇರಲಿ.

ಹಂತ 9: ಹಾರುವುದಾದರೆ ಚಕ್ರಕ್ಕೆ ಅವಸರ ಬೇಡ

ಎಂಜಿನ್‌ಗಳು ಚೆನ್ನಾಗಿದ್ದು, ಏರುವುದಕ್ಕೆ ಅಡ್ಡಿಯಿಲ್ಲದಿದ್ದರೆ, ಚಕ್ರ ಹೊರಗೇ ಇರಲಿ. 1991ರ ಜುಲೈ 11ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಡಿಸಿ-8 ಒಂದು ಒತ್ತಡ ಕಡಿಮೆಯಿದ್ದ ಟೈರ್‌ಗಳೊಂದಿಗೆ ಹೊರಟಿತು. ಓಟದಲ್ಲಿ ಜೋಡಿ ಟೈರ್‌ಗಳು ಹೋಗಿ ಬೆಂಕಿ ಹತ್ತಿತು. ಹಾರಿದ ಮೇಲೆ ಉರಿಯುತ್ತಿದ್ದ ಚಕ್ರ ಮಡಚಿ ವಿಮಾನದೊಳಗೇ ಹೋಯಿತು. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಟವರ್‌ಗೆ ತಕ್ಷಣ ತಿಳಿಸಿ. ನಿಮ್ಮ ಹಿಂದಿನ ವಿಮಾನಕ್ಕೆ ಆ ರಬ್ಬರ್ ಚೂರುಗಳೇ ಗಂಡಾಂತರ. ಇಂಧನ, ಹೈಡ್ರಾಲಿಕ್ ಸೋರುತ್ತಿದೆಯಾ ನೋಡಿ. ಆಮೇಲೆ ಉದ್ದದ ರನ್‌ವೇ ಆರಿಸಿ, ಸಮಯ ತೆಗೆದುಕೊಂಡು ಇಳಿಯಿರಿ.

ಹಂತ 10: ನಿಂತ ಮೇಲೆ

ನಿಂತಾಗ ಬ್ರೇಕ್ ಇನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ. ಡಿಸ್ಕಿನ ಬಿಸಿ ಚಕ್ರಕ್ಕೆ ಹರಿಯಲು 10-15 ನಿಮಿಷ ಬೇಕು. ಅಷ್ಟರಲ್ಲಿ ಚಕ್ರದಲ್ಲಿರುವ ಫ್ಯೂಸ್ ಪ್ಲಗ್‌ಗಳು ಕರಗಿ ಟೈರ್‌ಗಳು ಒಂದೊಂದಾಗಿ ಬುಸ್ ಅಂತ ಇಳಿಯಬಹುದು. ಗಾಬರಿಯಾಗಬೇಡಿ, ಅವು ಇರುವುದೇ ಅದಕ್ಕೆ. ಸಿಡಿಯುವ ಬದಲು ಇಳಿಯಲಿ ಅಂತ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅಗ್ನಿಶಾಮಕ ವಾಹನ ಕರೆಯಿರಿ. ಇಳಿಸಲೇಬೇಕಾದ ಸ್ಥಿತಿ ಇಲ್ಲದಿದ್ದರೆ ಪ್ರಯಾಣಿಕರು ಕೂತಿರಲಿ, ಪಾರ್ಕಿಂಗ್ ಬ್ರೇಕ್ ಹಾಕದಿರುವುದೇ ಒಳ್ಳೆಯದು. ಹಾಕಿದರೆ ಬಿಸಿ ಡಿಸ್ಕ್‌ಗಳು ಅಂಟಿಕೊಳ್ಳಬಹುದು. ಹತ್ತಿರ ಬರುವವರು ಚಕ್ರದ ಮುಂದಿನಿಂದ ಅಥವಾ ಹಿಂದಿನಿಂದ ಬರಲಿ. ಪಕ್ಕದಿಂದ ಬೇಡ. ಚಕ್ರ ಸಿಡಿದರೆ ಚೂರುಗಳು ಅಚ್ಚಿನ ಸಾಲಿನಲ್ಲೇ ಹಾರುತ್ತವೆ.

ಕೊನೆಗೆ ಲಾಗ್‌ನಲ್ಲಿ 'ಟೈರ್ ಹೋಯಿತು' ಅಂತಷ್ಟೇ ಬರೆದು ಹೋಗಬೇಡಿ. ಎಷ್ಟು ವೇಗದಲ್ಲಿ ಕೈಬಿಟ್ಟಿರಿ, ತೂಕ ಎಷ್ಟಿತ್ತು, ಗಾಳಿ ಎಷ್ಟಿತ್ತು, ಯಾವ ಬ್ರೇಕ್ ಬಳಸಿದಿರಿ, ಎಲ್ಲವನ್ನೂ ಬರೆಯಿರಿ. ಆ ಅಂಕಿಗಳಿಂದಲೇ ಎಂಜಿನಿಯರ್ ಬ್ರೇಕ್ ನುಂಗಿದ ಬಿಸಿ ಎಷ್ಟು ಅಂತ ಲೆಕ್ಕ ಹಾಕುವುದು, ಯಾವ ಚಕ್ರ ಬಿಚ್ಚಬೇಕು ಅಂತ ತೀರ್ಮಾನಿಸುವುದು. ಜೋಡಿ ಟೈರ್ ನೆಟ್ಟಗೆ ಕಂಡರೂ ಅದನ್ನೂ ಬಿಚ್ಚಿಸಿ.